ಮೂರನೆಯ ತಿಂಗಳೋ, ನಾಲ್ಕನೆಯ ತಿಂಗಳೋ? ಕ್ಯಾನ್ಸರ್ ರೋಗಿಯ ‘ಜೀವನ ಗುಣಮಟ್ಟ’ ಅಳೆಯುವ ಹೊತ್ತು

ಬೆಂಗಳೂರು: ಅವೇ ರೋಗಿಗಳು, ಅದೇ ಆರೈಕೆ, ಅದೇ ಪ್ರಶ್ನಾವಳಿ. ಮೂರನೆಯ ತಿಂಗಳಲ್ಲಿ ಕೇಳಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಕೇಳಿದಾಗ ವ್ಯತ್ಯಾಸ ಸ್ಪಷ್ಟವಾಗಿತ್ತು. ಕೆನಡಾದ ಟೊರಾಂಟೊ ನಗರದಲ್ಲಿ ಮುಂದುವರಿದ ಹಂತದ ಕ್ಯಾನ್ಸರಿನ 461 ಮಂದಿ ರೋಗಿಗಳನ್ನು ಒಳಗೊಂಡು ನಡೆದು, 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಫಲಿತಾಂಶವಿದು. ನೋವು ನಿವಾರಣೆ, ಮನೋಬಲ, ಕುಟುಂಬದ ಆಸರೆ ಇವುಗಳನ್ನು ಒಟ್ಟುಗೂಡಿಸಿದ ಉಪಶಮನ ಆರೈಕೆಯನ್ನು (ಪ್ಯಾಲಿಯೇಟಿವ್ ಕೇರ್) ಬೇಗನೆ ಆರಂಭಿಸಿದರೆ ರೋಗಿಯ ಬದುಕು ಸಹನೀಯವಾಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಮುಖ್ಯ ಅಳತೆಯನ್ನು ಮೂರನೆಯ ತಿಂಗಳಿಗೆ ನಿಗದಿಪಡಿಸಲಾಗಿತ್ತು. ಆ ಅಳತೆಯ ಪ್ರಕಾರ ಉತ್ತರ ‘ಖಚಿತವಾಗಿ ಹೇಳಲಾಗದು’. ಒಂದು ತಿಂಗಳು ಕಾದಿದ್ದರೆ ಉತ್ತರ ‘ಹೌದು’.

ಇದು ಸಂಖ್ಯಾಶಾಸ್ತ್ರಜ್ಞರ ತಲೆನೋವು ಎಂದು ಬದಿಗಿಡುವ ವಿಷಯವಲ್ಲ. ಇಂಥ ಫಲಿತಾಂಶಗಳನ್ನು ಆಧರಿಸಿಯೇ ಒಂದು ಔಷಧಕ್ಕೆ ಮನ್ನಣೆ ದೊರೆಯುತ್ತದೆ, ಒಂದು ಚಿಕಿತ್ಸಾ ಕ್ರಮ ಮಾರ್ಗಸೂಚಿಯಲ್ಲಿ ಸೇರುತ್ತದೆ, ಆಸ್ಪತ್ರೆಯೊಂದು ಉಪಶಮನ ಆರೈಕೆಗೆ ಇಬ್ಬರು ದಾದಿಯರನ್ನು ನೇಮಿಸಬೇಕೋ ಬೇಡವೋ ಎಂದು ತೀರ್ಮಾನವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ‘ಇನ್ನೊಂದು ಸುತ್ತು ಕಿಮೋಥೆರಪಿ ಕೊಡಿಸೋಣವೇ?’ ಎಂದು ಕೇಳುವ ಕುಟುಂಬಕ್ಕೆ ವೈದ್ಯರು ಹೇಳುವ ಉತ್ತರದ ಹಿಂದೆ ಇವೇ ಅಂಕಿಅಂಶಗಳಿರುತ್ತವೆ. ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಹೊಸದಾಗಿ ಪತ್ತೆಯಾದ ಕ್ಯಾನ್ಸರ್ ಪ್ರಕರಣಗಳು ಸುಮಾರು 14.6 ಲಕ್ಷ. ಇವರಲ್ಲಿ ಅನೇಕರು ಆಸ್ಪತ್ರೆ ತಲುಪುವ ವೇಳೆಗೆ ರೋಗ ಗುಣಪಡಿಸುವ ಹಂತವನ್ನು ದಾಟಿರುತ್ತದೆ. ಅವರ ಪಾಲಿಗೆ ಉಳಿಯುವ ಪ್ರಶ್ನೆ ಎಷ್ಟು ದಿನ ಎಂಬುದಷ್ಟೇ ಅಲ್ಲ, ಆ ದಿನಗಳು ಹೇಗಿರುತ್ತವೆ ಎಂಬುದು. ಅದನ್ನು ತಿಳಿಯಲು ಕೇಳಬೇಕು. ಆದರೆ ಯಾವಾಗ ಕೇಳಬೇಕು?

ಅಳತೆಗೋಲಿನ ಕಥೆ

ರೋಗಿಯ ಸ್ಥಿತಿಯನ್ನು ಅಂಕಿಯಲ್ಲಿ ಹೇಳುವ ಪ್ರಯತ್ನ ಹೊಸದೇನಲ್ಲ. 1940ರ ದಶಕದ ಕೊನೆಯಲ್ಲಿ ಅಮೆರಿಕದ ವೈದ್ಯ ಡೇವಿಡ್ ಕಾರ್ನಾಫ್‌ಸ್ಕಿ ಮತ್ತು ಸಂಗಡಿಗರು ಸೊನ್ನೆಯಿಂದ 100ರವರೆಗಿನ ಮಾಪಕವೊಂದನ್ನು ರೂಪಿಸಿದರು. 100 ಎಂದರೆ ಯಾವ ತೊಂದರೆಯೂ ಇಲ್ಲದ ಸಹಜ ಸ್ಥಿತಿ, ಸೊನ್ನೆ ಎಂದರೆ ಮರಣ. ರೋಗಿ ಎಷ್ಟು ಓಡಾಡಬಲ್ಲ, ಎಷ್ಟು ಪರಾವಲಂಬಿ ಎಂಬುದನ್ನು ವೈದ್ಯರೇ ನೋಡಿ ಅಂಕ ಕೊಡುತ್ತಿದ್ದರು. ರೋಗಿಯ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನವಿರಲಿಲ್ಲ.

ರೋಗಿಯನ್ನೇ ಕೇಳುವ ಪದ್ಧತಿ ಗಟ್ಟಿಯಾದದ್ದು 1990ರ ದಶಕದಲ್ಲಿ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಘಟನೆಯಾದ ಇಒಆರ್‌ಟಿಸಿ ಸಿದ್ಧಪಡಿಸಿದ ‘ಕ್ಯೂಎಲ್‌ಕ್ಯೂ-ಸಿ30’ ಎಂಬ 30 ಪ್ರಶ್ನೆಗಳ ಪಟ್ಟಿ 1993ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದಿಂದ ‘ಫ್ಯಾಕ್ಟ್’ ಎಂಬ ಮತ್ತೊಂದು ಪ್ರಶ್ನಾವಳಿ ಬಂತು. ನಡೆದಾಡಲು ಕಷ್ಟವೇ, ನಿದ್ರೆ ಬರುತ್ತಿದೆಯೇ, ವಾಂತಿಯಾಯಿತೇ, ಚಿಂತೆ ಕಾಡಿತೇ, ಮನೆಯ ಜೀವನಕ್ಕೆ ತೊಂದರೆಯಾಯಿತೇ ಎಂಬ ಬಗೆಯ ಪ್ರಶ್ನೆಗಳು ಇವುಗಳಲ್ಲಿವೆ. ಜಗತ್ತಿನ ಬಹುಪಾಲು ಕ್ಯಾನ್ಸರ್ ಔಷಧ ಪ್ರಯೋಗಗಳಲ್ಲಿ ಇಂದಿಗೂ ಬಳಕೆಯಾಗುವುದು ಇವೇ ಪಟ್ಟಿಗಳು ಅಥವಾ ಇವುಗಳ ಮರಿಗಳು.

ಈ ಪಟ್ಟಿಗಳ ಪ್ರಶ್ನೆಗಳೊಂದಿಗೆ ಒಂದು ಕಾಲಾವಧಿಯೂ ಇರುತ್ತದೆ ಎಂಬುದು ಗಮನಾರ್ಹ. ಮೇಲಿನ ಎರಡೂ ಪಟ್ಟಿಗಳು ಹೆಚ್ಚಾಗಿ ‘ಕಳೆದ ಒಂದು ವಾರದಲ್ಲಿ’ ಎಂದು ಕೇಳುತ್ತವೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ, ಮರಣಾಸನ್ನ ರೋಗಿಗಳನ್ನು ಗಮನದಲ್ಲಿಟ್ಟು ರೂಪಿಸಿದ ಪಟ್ಟಿ ‘ಕಳೆದ ಎರಡು ದಿನಗಳಲ್ಲಿ’ ಎಂದು ಕೇಳುತ್ತದೆ. 1991ರಲ್ಲಿ ಎಡ್ಮಂಟನ್ ನಗರದಲ್ಲಿ ಹುಟ್ಟಿದ ಲಕ್ಷಣ ಮಾಪಕದ ಪರಿಷ್ಕೃತ ರೂಪ ‘ಈಗ’ ಎಂದೇ ಕೇಳುತ್ತದೆ. ವಾರ, ಎರಡು ದಿನ, ಈ ಕ್ಷಣ: ಬದುಕು ಇಳಿಮುಖವಾದಂತೆ ಕೇಳುವ ಅವಧಿಯೂ ಕಿರಿದಾಗಬೇಕೆಂಬ ತಿಳಿವಳಿಕೆ ಇದರ ಹಿಂದಿದೆ. ನೆನಪಿನ ಶಕ್ತಿ ಕುಂದಿದವರಿಗೆ ಕಳೆದ ವಾರವೆಂಬುದು ಬಹಳ ದೂರ.

ಇಪ್ಪತ್ತೊಂದನೆಯ ದಿನದ ನಗು

ಕಿಮೋಥೆರಪಿಯ ಹಲವು ಕ್ರಮಗಳು 21 ದಿನಗಳ ಚಕ್ರದಲ್ಲಿ ಸಾಗುತ್ತವೆ. ಔಷಧ ಏರಿಸಿದ ಮೊದಲ ಕೆಲವು ದಿನ ಹೊಟ್ಟೆ ತೊಳಸುವಿಕೆ, ವಾಂತಿ, ಸುಸ್ತು. ಎರಡನೆಯ ವಾರದ ಸುಮಾರಿಗೆ ಬಿಳಿ ರಕ್ತಕಣಗಳ ಸಂಖ್ಯೆ ತಳ ಮುಟ್ಟುತ್ತದೆ, ಜ್ವರ ಮತ್ತು ಸೋಂಕಿನ ಭಯ ಹೆಚ್ಚು. ಮೂರನೆಯ ವಾರಕ್ಕೆ ನಾಲಿಗೆಗೆ ರುಚಿ ಮರಳುತ್ತದೆ, ರೋಗಿ ಎದ್ದು ಓಡಾಡುತ್ತಾನೆ. ಹಾಗೆ ಚೇತರಿಸಿಕೊಂಡಿದ್ದಾನೆ ಎಂದು ಖಚಿತವಾದ ಮೇಲೆಯೇ ಮುಂದಿನ ಸುತ್ತು.

ಪ್ರಶ್ನಾವಳಿ ರೋಗಿಯ ಕೈಗೆ ಬರುವುದು ಸಾಮಾನ್ಯವಾಗಿ ಅವನು ಆಸ್ಪತ್ರೆಗೆ ಬಂದ ದಿನ, ಅಂದರೆ ಮುಂದಿನ ಸುತ್ತಿನ ಔಷಧ ಏರಿಸುವ ಮುನ್ನ. ಅದು ಕೇಳುವುದು ಕಳೆದ ಏಳು ದಿನಗಳ ಬಗ್ಗೆ, ಅಂದರೆ 15ನೆಯ ದಿನದಿಂದ 21ನೆಯ ದಿನದವರೆಗೆ. ಮೂರು ವಾರಗಳಲ್ಲಿ ಅತ್ಯಂತ ಹಸನಾದ ವಾರವಷ್ಟೇ ಕಡತಕ್ಕೆ ಸೇರುತ್ತದೆ. ವಾಂತಿ ಮಾಡುತ್ತ ಮಲಗಿದ್ದ ಮೊದಲ ವಾರವನ್ನು ಯಾರೂ ಕೇಳಿಲ್ಲ, ರೋಗಿಯೂ ಹೇಳಿಲ್ಲ. ಯಾರೂ ಸುಳ್ಳು ಹೇಳಿಲ್ಲ, ಆದರೂ ಚಿತ್ರ ಅಪೂರ್ಣ.

ಇದರ ಬದಲು ಐದನೆಯ ದಿನವೇ ಕೇಳಿದರೆ? ಆಗ ಚಿಕಿತ್ಸೆ ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ. ಗಡ್ಡೆ ಕುಗ್ಗಿ ನೋವು ಇಳಿದ, ಉಸಿರಾಟ ಸರಾಗವಾದ ಲಾಭ ಲೆಕ್ಕದಿಂದ ತಪ್ಪಿಹೋಗುತ್ತದೆ. ಎರಡು ಚಿಕಿತ್ಸೆಗಳನ್ನು ಹೋಲಿಸುವಾಗ ತೊಡಕು ಇನ್ನೂ ಹೆಚ್ಚು. ಒಂದನ್ನು ವಾರಕ್ಕೊಮ್ಮೆ, ಇನ್ನೊಂದನ್ನು ಮೂರು ವಾರಕ್ಕೊಮ್ಮೆ ಕೊಡುವುದಾದರೆ, ಒಂದೇ ತಾರೀಖಿನಂದು ಇಬ್ಬರನ್ನೂ ಕೇಳುವುದು ಮೇಲ್ನೋಟಕ್ಕೆ ಸಮಾನತೆ. ವಾಸ್ತವದಲ್ಲಿ ಒಬ್ಬನನ್ನು ಅವನ ಒಳ್ಳೆಯ ವಾರದಲ್ಲೂ ಇನ್ನೊಬ್ಬನನ್ನು ಅವನ ಕೆಟ್ಟ ವಾರದಲ್ಲೂ ಕೇಳಿದಂತಾಗುತ್ತದೆ.

ಇದಕ್ಕೆ ನಮ್ಮ ರಾಜ್ಯದ ಸ್ಥಿತಿಯನ್ನೂ ಸೇರಿಸಿ ನೋಡಬೇಕು. ಬೀದರ್ ಅಥವಾ ರಾಯಚೂರು ಕಡೆಯ ರೋಗಿಯೊಬ್ಬ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಬಂದು, ಚೀಟಿಗಾಗಿ ಸರದಿಯಲ್ಲಿ ನಿಂತು, ರಕ್ತ ಪರೀಕ್ಷೆಗೆ ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಪ್ರಶ್ನಾವಳಿ ಎದುರಿಸುತ್ತಾನೆ ಎಂದಿಟ್ಟುಕೊಳ್ಳಿ. ‘ಆಯಾಸವಾಗಿದೆಯೇ’ ಎಂಬ ಪ್ರಶ್ನೆಗೆ ಅವನ ಉತ್ತರದಲ್ಲಿ ಕ್ಯಾನ್ಸರಿನ ಪಾಲೆಷ್ಟು, ಬಸ್ಸಿನ ಪಾಲೆಷ್ಟು? ಸ್ಕ್ಯಾನ್ ವರದಿ ಕೇಳಿದ ಮೇಲೆ ಪ್ರಶ್ನಾವಳಿ ಕೊಟ್ಟರಂತೂ ಉತ್ತರ ವರದಿಯ ನೆರಳಾಗಿರುತ್ತದೆ. ವೈದ್ಯರನ್ನು ಕಾಣುವ ಮೊದಲೇ ಪ್ರಶ್ನಾವಳಿ ತುಂಬಿಸಬೇಕು ಎಂಬ ನಿಯಮವನ್ನು ಉತ್ತಮ ಪ್ರಯೋಗಗಳು ಪಾಲಿಸುವುದು ಈ ಕಾರಣಕ್ಕೆ. ದೈನಂದಿನ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅಂಥ ಶಿಸ್ತನ್ನು ನಿರೀಕ್ಷಿಸುವುದು ಕಷ್ಟ.

ಕ್ಯಾಲೆಂಡರ್ ಮತ್ತು ಆಯುಷ್ಯ

ಮೂರು ತಿಂಗಳಿಗೊಮ್ಮೆ ಕೇಳುವುದು ಸಂಶೋಧನೆಯಲ್ಲಿ ರೂಢಿಗೆ ಬಂದ ಪದ್ಧತಿ. ಆದರೆ ಮೂರು ತಿಂಗಳೆಂಬುದು ಎಲ್ಲ ರೋಗಿಗಳಿಗೂ ಒಂದೇ ಅಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ತಲೆ ಮತ್ತು ಕತ್ತಿನ ಮುಂದುವರಿದ ಕ್ಯಾನ್ಸರ್ ರೋಗಿಗಳಲ್ಲಿ ಕಡಿಮೆ ವೆಚ್ಚದ ಮಾತ್ರೆಗಳನ್ನು ಸಿಸ್‌ಪ್ಲಾಟಿನ್ ಚುಚ್ಚುಮದ್ದಿನೊಂದಿಗೆ ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಸಾಕ್ಷಿ. ಮಾತ್ರೆ ಪಡೆದವರ ಮಧ್ಯಾಂಕ ಆಯುಷ್ಯ 7.5 ತಿಂಗಳು, ಚುಚ್ಚುಮದ್ದು ಪಡೆದವರದು 6.1 ತಿಂಗಳು. ಅಂದರೆ ಅರ್ಧದಷ್ಟು ರೋಗಿಗಳು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ತಂಬಾಕಿನ ಕಾರಣದಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇಂಥ ರೋಗಿಗಳ ಸಂಖ್ಯೆ ಸಣ್ಣದಲ್ಲ. ಇವರನ್ನು ಮೂರು ತಿಂಗಳಿಗೊಮ್ಮೆ ಕೇಳಿದರೆ ಬದುಕಿನ ಉಳಿದ ಅವಧಿಯಲ್ಲಿ ಎರಡು ಬಾರಿ ಕೇಳಿದಂತಾಯಿತು. ಕೆಲವರಿಗೆ ಅದೂ ಇಲ್ಲ.

ಎಷ್ಟು ಕಾಲ ಉಳಿದಿದೆ ಎಂದು ತಿಳಿದು ಅದಕ್ಕೆ ತಕ್ಕಂತೆ ಕೇಳುವ ದಿನವನ್ನು ಗೊತ್ತುಮಾಡೋಣವೆಂದರೆ, ಆ ಅಂದಾಜು ವೈದ್ಯರಿಗೂ ಸುಲಭವಲ್ಲ. ಅಮೆರಿಕದ ಷಿಕಾಗೊದಲ್ಲಿ 468 ಮಂದಿ ಮರಣಾಸನ್ನ ರೋಗಿಗಳ ಬಗ್ಗೆ ಅವರ ವೈದ್ಯರು ಮಾಡಿದ ಅಂದಾಜನ್ನು ನಿಜ ಸಂಗತಿಯೊಂದಿಗೆ ತಾಳೆ ಹಾಕಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಸರಿಯೆನ್ನಬಹುದಾದ ಅಂದಾಜು ಶೇ 20ರಷ್ಟು ಮಾತ್ರ. ಶೇ 63ರಷ್ಟು ಅಂದಾಜುಗಳು ಇರುವುದಕ್ಕಿಂತ ಹೆಚ್ಚು ಆಯುಷ್ಯ ಹೇಳಿದ್ದವು. ‘ಇನ್ನೂ ಸಮಯವಿದೆ, ಮುಂದಿನ ಭೇಟಿಯಲ್ಲಿ ಕೇಳೋಣ’ ಎಂಬ ವೈದ್ಯರ ಭಾವನೆ ಬಹುಪಾಲು ಸಂದರ್ಭಗಳಲ್ಲಿ ಹುಸಿಯಾಗುತ್ತದೆ ಎಂದೇ ಇದರ ಅರ್ಥ.

ಉತ್ತರಿಸದವರ ಉತ್ತರ

ಸಮಯದ ಪ್ರಶ್ನೆಯ ಇನ್ನೊಂದು ಮುಖ ಮೌನ. ರೋಗ ಉಲ್ಬಣಗೊಂಡವರು ಪ್ರಶ್ನಾವಳಿ ತುಂಬುವುದಿಲ್ಲ, ತುಂಬಲು ಸಾಧ್ಯವೂ ಇಲ್ಲ. ಮುಂದಿನ ಭೇಟಿಗೆ ಬರುವವರು ಬರಲು ಶಕ್ತರಾದವರು ಮಾತ್ರ. ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು.

ಹತ್ತು ರೋಗಿಗಳಿದ್ದಾರೆ ಎನ್ನೋಣ. ಮೊದಲ ಬಾರಿ ಕೇಳಿದಾಗ ಆರು ಮಂದಿಗೆ ತಲಾ 60 ಅಂಕ, ನಾಲ್ವರಿಗೆ ತಲಾ 30 ಅಂಕ. ಸರಾಸರಿ 48. ಮೂರು ತಿಂಗಳ ನಂತರ ಆ ನಾಲ್ವರು ಉತ್ತರಿಸುವ ಸ್ಥಿತಿಯಲ್ಲಿಲ್ಲ ಅಥವಾ ಬದುಕಿಲ್ಲ. ಉಳಿದ ಆರು ಮಂದಿಯ ಅಂಕ 60ರಿಂದ 55ಕ್ಕೆ ಇಳಿದಿದೆ. ಸರಾಸರಿ ಈಗ 55. ಹತ್ತರಲ್ಲಿ ಒಬ್ಬನೇ ಒಬ್ಬ ಸುಧಾರಿಸಿಲ್ಲ, ಎಲ್ಲರ ಸ್ಥಿತಿಯೂ ಕೆಟ್ಟಿದೆ. ಆದರೆ ಸರಾಸರಿ ಏಳು ಅಂಕ ಏರಿದೆ! ‘ಚಿಕಿತ್ಸೆಯಿಂದ ಜೀವನ ಗುಣಮಟ್ಟ ಉತ್ತಮಗೊಂಡಿದೆ’ ಎಂಬ ಶೀರ್ಷಿಕೆಯ ಕೆಳಗೆ ಇಂಥ ಲೆಕ್ಕ ಅಡಗಿರಬಹುದೆಂಬ ಎಚ್ಚರಿಕೆ ಓದುಗರಿಗೂ ಇರಬೇಕು, ಪತ್ರಕರ್ತರಿಗೂ ಇರಬೇಕು. ಎಷ್ಟು ಮಂದಿಯನ್ನು ಕೇಳಲಾಯಿತು, ಎಷ್ಟು ಮಂದಿ ಉತ್ತರಿಸಿದರು, ಉತ್ತರಿಸದವರು ಏನಾದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿಯನ್ನು ನಂಬುವುದು ಕಷ್ಟ.

ರೋಗಿ ಉತ್ತರಿಸಲಾರದಾಗ ಮನೆಯವರನ್ನು ಕೇಳುವ ಪದ್ಧತಿಯಿದೆ. ನಡೆದಾಟ, ಊಟ, ವಾಂತಿಯಂಥ ಕಣ್ಣಿಗೆ ಕಾಣುವ ಸಂಗತಿಗಳಲ್ಲಿ ಮನೆಯವರ ಮಾತು ರೋಗಿಯ ಮಾತಿಗೆ ಸಾಕಷ್ಟು ಹತ್ತಿರವಿರುತ್ತದೆ. ನೋವು, ಮನಸ್ಸಿನ ಕ್ಲೇಶದಂಥ ಒಳಗಿನ ಸಂಗತಿಗಳಲ್ಲಿ ಅವರು ರೋಗಿಗಿಂತ ಹೆಚ್ಚಿನ ಸಂಕಟವನ್ನು ಕಾಣುತ್ತಾರೆ ಎಂಬುದು ಅನೇಕ ಅಧ್ಯಯನಗಳಲ್ಲಿ ವ್ಯಕ್ತವಾಗಿದೆ. ಆರೈಕೆ ಮಾಡುವವರ ಸ್ವಂತ ಬಳಲಿಕೆಯೂ ಅದರಲ್ಲಿ ಬೆರೆತಿರುತ್ತದೆ. ಹಾಗೆಂದು ಅವರ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. 312 ಮಂದಿ ಅಮೆರಿಕನ್ ರೋಗಿಗಳ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊನೆಯ ವಾರ ಹೇಗಿತ್ತೆಂದು ಆರೈಕೆ ಮಾಡಿದವರನ್ನು ಮರಣಾನಂತರ ಕೇಳಲಾಯಿತು. ಅದುವರೆಗೆ ಚೆನ್ನಾಗಿ ಓಡಾಡಿಕೊಂಡಿದ್ದವರಲ್ಲಿ ಕಿಮೋಥೆರಪಿ ಪಡೆಯುತ್ತಿದ್ದವರ ಕೊನೆಯ ವಾರ, ಪಡೆಯದಿದ್ದವರ ಕೊನೆಯ ವಾರಕ್ಕಿಂತ ಕೆಟ್ಟದಾಗಿತ್ತು ಎಂಬ ಉತ್ತರ ಬಂತು. ‘ಶಕ್ತಿ ಇದೆಯಲ್ಲ, ಇನ್ನೊಂದು ಸುತ್ತು ತಡೆದುಕೊಳ್ಳುತ್ತಾರೆ’ ಎಂಬ ಸಾಮಾನ್ಯ ವಾದವನ್ನೇ ಪ್ರಶ್ನಿಸಿದ ಫಲಿತಾಂಶವಿದು. ಆ ಹೊತ್ತಿನಲ್ಲಿ ಕೇಳದಿದ್ದರೆ ಇದು ಬೆಳಕಿಗೆ ಬರುತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಕಾಲ ಸರಿದಂತೆ ರೋಗಿಯ ಅಳತೆಗೋಲೇ ಬದಲಾಗುತ್ತದೆ. ಹೊಲಕ್ಕೆ ಹೋಗಲಾಗದ ದಿನವನ್ನು ರೋಗದ ಆರಂಭದಲ್ಲಿ ‘ಕೆಟ್ಟ ದಿನ’ ಎಂದವರು, ಆರು ತಿಂಗಳ ಬಳಿಕ ಜಗಲಿಯ ಮೇಲೆ ಕುಳಿತು ಒಂದು ಲೋಟ ಕಾಫಿ ಕುಡಿದ ದಿನವನ್ನು ‘ಒಳ್ಳೆಯ ದಿನ’ ಎನ್ನಬಹುದು. ಅಂಕ ಏರಿದೆ, ದೇಹ ಇಳಿದಿದೆ. ಇದು ತಪ್ಪು ಉತ್ತರವಲ್ಲ, ಮನುಷ್ಯ ಬದುಕಿಗೆ ಹೊಂದಿಕೊಳ್ಳುವ ರೀತಿ. ಎರಡು ದೂರದ ದಿನಾಂಕಗಳ ಅಂಕಗಳನ್ನು ಕಳೆದು ‘ವ್ಯತ್ಯಾಸ’ ಎಂದು ಘೋಷಿಸುವವರು ಮಾತ್ರ ಇದನ್ನು ನೆನಪಿಡಬೇಕು.

ಹಿಂದಿನಿಂದ ಎಣಿಸಿದರೆ

ಅಧ್ಯಯನಕ್ಕೆ ಸೇರಿದ ದಿನದಿಂದ ಮುಂದಕ್ಕೆ ಎಣಿಸುವ ಬದಲು ಮರಣದ ದಿನದಿಂದ ಹಿಂದಕ್ಕೆ ಎಣಿಸುವ ವಿಧಾನವೂ ಇದೆ. ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ಕ್ಯಾನ್ಸರ್ ಕೇಂದ್ರಗಳಿಗೆ ಬರುವ ಹೊರರೋಗಿಗಳನ್ನು ಎಡ್ಮಂಟನ್ ಮಾಪಕದ ಮೂಲಕ ವಾಡಿಕೆಯಾಗಿ ಪ್ರಶ್ನಿಸಲಾಗುತ್ತಿತ್ತು. ಹೀಗೆ ಉತ್ತರಿಸಿ ನಂತರ ತೀರಿಕೊಂಡ 10,752 ಮಂದಿಯ ದಾಖಲೆಗಳನ್ನು ಸಂಶೋಧಕರು ಮರಣದಿಂದ ಹಿಂದಕ್ಕೆ ಜೋಡಿಸಿ, ಕೊನೆಯ ಆರು ತಿಂಗಳ ಚಿತ್ರವನ್ನು 2011ರಲ್ಲಿ ಮುಂದಿಟ್ಟರು. ನೋವು, ವಾಕರಿಕೆ, ಆತಂಕ, ಖಿನ್ನತೆಗಳ ಸರಾಸರಿ ಹೆಚ್ಚೇನೂ ಬದಲಾಗದೆ ಸಾಗಿತ್ತು. ಆದರೆ ಉಸಿರಾಟದ ತೊಂದರೆ, ತೂಕಡಿಕೆ, ಹಸಿವಿಲ್ಲದಿರುವಿಕೆ, ಸುಸ್ತು ಇವು ಕೊನೆಯ ತಿಂಗಳಿನಲ್ಲಿ ಕಡಿದಾಗಿ ಏರಿದ್ದವು.

ಈ ಚಿತ್ರದಿಂದ ಕಲಿಯಬೇಕಾದ ಪಾಠ ಎರಡು. ಒಂದು, ನೋವೊಂದನ್ನೇ ಕೇಳುತ್ತ ಕುಳಿತರೆ ಕೊನೆಯ ಕುಸಿತ ಗಮನಕ್ಕೆ ಬರುವುದಿಲ್ಲ. ಎರಡು, ಕುಸಿತಕ್ಕೆ ತಗಲುವ ಕಾಲ ವಾರಗಳ ಲೆಕ್ಕದ್ದು, ತಿಂಗಳುಗಳ ಲೆಕ್ಕದ್ದಲ್ಲ. ತಿಂಗಳಿಗೊಮ್ಮೆ ಕೇಳಿದರೂ ಅದು ಕೈತಪ್ಪಬಹುದು.

ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಎರಡು ಅಧ್ಯಯನಗಳನ್ನು ಅಕ್ಕಪಕ್ಕದಲ್ಲಿಟ್ಟರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. 2010ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಶ್ವಾಸಕೋಶದ ಮುಂದುವರಿದ ಕ್ಯಾನ್ಸರಿನ 151 ರೋಗಿಗಳಿದ್ದರು. ಉಪಶಮನ ಆರೈಕೆಯನ್ನು ಬೇಗನೆ ಪಡೆದವರ ಜೀವನ ಗುಣಮಟ್ಟ 12ನೆಯ ವಾರದಲ್ಲೇ ಉತ್ತಮವಾಗಿತ್ತು. ಅವರ ಮಧ್ಯಾಂಕ ಆಯುಷ್ಯ 11.6 ತಿಂಗಳು, ಉಳಿದವರದು 8.9 ತಿಂಗಳು. ಜಗತ್ತಿನಾದ್ಯಂತ ಚರ್ಚೆಗೆ ಕಾರಣವಾದ ಫಲಿತಾಂಶವಿದು. 2017ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ ಶ್ವಾಸಕೋಶದ ಜೊತೆಗೆ ಜೀರ್ಣಾಂಗದ ಕ್ಯಾನ್ಸರ್ ರೋಗಿಗಳೂ ಸೇರಿ 350 ಮಂದಿ. ಈ ಬಾರಿ ಒಟ್ಟಾರೆಯಾಗಿ 12ನೆಯ ವಾರದಲ್ಲಿ ವ್ಯತ್ಯಾಸ ಕಾಣಲಿಲ್ಲ, 24ನೆಯ ವಾರದಲ್ಲಿ ಕಂಡಿತು. ರೋಗ ಬೇರೆಯಾದರೆ ಅದರ ಏರಿಳಿತದ ವೇಗವೂ ಬೇರೆ. ಒಂದು ರೋಗಕ್ಕೆ ಹೊಂದಿದ ದಿನಾಂಕ ಇನ್ನೊಂದಕ್ಕೆ ಹೊಂದದು.

ಇಲ್ಲಿ ಒಂದು ಅಪಾಯವನ್ನೂ ಹೇಳಬೇಕು. ಯಾವ ತಿಂಗಳಲ್ಲಿ ಅನುಕೂಲಕರ ಉತ್ತರ ಬಂತೋ ಅದನ್ನೇ ಆರಿಸಿಕೊಂಡು ಪ್ರಕಟಿಸಿದರೆ, ಅದು ಪರೀಕ್ಷೆ ಬರೆದಾದ ಮೇಲೆ ಪ್ರಶ್ನೆ ಆರಿಸಿಕೊಂಡಂತೆ. ಆದ್ದರಿಂದಲೇ ಮುಖ್ಯ ಅಳತೆಯ ದಿನವನ್ನು ಮೊದಲೇ ಘೋಷಿಸಬೇಕೆಂಬ ಕಟ್ಟುಪಾಡು. ಟೊರಾಂಟೊ ಸಂಶೋಧಕರು ನಾಲ್ಕನೆಯ ತಿಂಗಳ ಫಲಿತಾಂಶವನ್ನು ಮುಂದೆ ಮಾಡದೆ, ಮೂರನೆಯ ತಿಂಗಳಿನದನ್ನೇ ಮುಖ್ಯವೆಂದು ಹೇಳಿದ್ದು ಅವರ ಪ್ರಾಮಾಣಿಕತೆ. ಭಾರತದ ಮಟ್ಟಿಗೂ ಇದೇ ಮಾತು. ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ತಲೆ-ಕತ್ತಿನ ಕ್ಯಾನ್ಸರಿನ 180 ರೋಗಿಗಳಲ್ಲಿ ಬೇಗನೆ ಉಪಶಮನ ಆರೈಕೆ ನೀಡಿ ಪರೀಕ್ಷಿಸಿದ ಪ್ರಯೋಗದ ವರದಿ 2021ರಲ್ಲಿ ಬಂತು. ಮೂರನೆಯ ತಿಂಗಳಲ್ಲಿ ಜೀವನ ಗುಣಮಟ್ಟದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ‘ನಾಲ್ಕನೆಯ ತಿಂಗಳಲ್ಲಿ ಕೇಳಿದ್ದರೆ ಕಾಣುತ್ತಿತ್ತು’ ಎಂದು ಸಮಾಧಾನಪಟ್ಟುಕೊಳ್ಳಲು ಆಧಾರವಿಲ್ಲ. ‘ಉಪಶಮನ ಆರೈಕೆಯಿಂದ ಪ್ರಯೋಜನವಿಲ್ಲ’ ಎಂದು ಬಾಗಿಲು ಮುಚ್ಚಲೂ ಇದು ಆಧಾರವಲ್ಲ.

ಕೇಳುವುದೇ ಆರೈಕೆಯಾದಾಗ

ಇದುವರೆಗಿನ ಚರ್ಚೆ ಸಂಶೋಧನೆಗಾಗಿ ಕೇಳುವುದರ ಕುರಿತಾದದ್ದು. ರೋಗಿಗಾಗಿ ಕೇಳುವುದು ಬೇರೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ 766 ಮಂದಿ ರೋಗಿಗಳ ಮೇಲೆ ನಡೆದ ಪ್ರಯೋಗ ಈ ದಿಕ್ಕಿನಲ್ಲಿ ಮಹತ್ವದ್ದು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನ ಮೂಲಕ ನಿಯಮಿತವಾಗಿ ತಿಳಿಸುತ್ತಿದ್ದರು. ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ಪ್ರತಿ ವಾರ ನೆನಪೋಲೆ ಹೋಗುತ್ತಿತ್ತು. ಯಾವುದಾದರೂ ಲಕ್ಷಣ ತೀವ್ರವಾದರೆ ಕೂಡಲೇ ದಾದಿಗೆ ಸೂಚನೆ ತಲುಪುತ್ತಿತ್ತು. ಆರನೆಯ ತಿಂಗಳಲ್ಲಿ ಈ ಗುಂಪಿನ ಶೇ 34ರಷ್ಟು ಮಂದಿಯ ಜೀವನ ಗುಣಮಟ್ಟ ಸುಧಾರಿಸಿತ್ತು. ಮಾಮೂಲಿ ಪದ್ಧತಿಯವರಲ್ಲಿ ಆ ಪ್ರಮಾಣ ಶೇ 18. ಮಧ್ಯಾಂಕ ಆಯುಷ್ಯ ಕ್ರಮವಾಗಿ 31.2 ಮತ್ತು 26 ತಿಂಗಳು ಎಂದು 2017ರಲ್ಲಿ ವರದಿಯಾಯಿತು. ಆಯುಷ್ಯದ ಈ ಅಂಕಿ ಒಂದೇ ಆಸ್ಪತ್ರೆಯದ್ದಾದ್ದರಿಂದ ಅದನ್ನು ಎಚ್ಚರಿಕೆಯಿಂದ ಓದಬೇಕು. ಆದರೆ 52 ಚಿಕಿತ್ಸಾ ಕೇಂದ್ರಗಳ 1,191 ರೋಗಿಗಳನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲೂ, ವಾರಕ್ಕೊಮ್ಮೆ ಕೇಳಿಸಿಕೊಂಡವರ ಜೀವನ ಗುಣಮಟ್ಟ ಮೂರನೆಯ ತಿಂಗಳಲ್ಲಿ ಉತ್ತಮವಾಗಿತ್ತು.

ಇಲ್ಲಿ ಕೆಲಸ ಮಾಡಿದ್ದು ಪ್ರಶ್ನಾವಳಿಯಲ್ಲ, ಅದರ ಬೆನ್ನಿಗೇ ಬಂದ ದಾದಿಯ ಕರೆ. ಕೇಳಿ ಸುಮ್ಮನಾದರೆ ಯಾವ ಲಾಭವೂ ಇಲ್ಲ. ಅಷ್ಟೇ ಅಲ್ಲ, ನೋವಿನಲ್ಲಿರುವವನಿಗೆ ಅದು ಇನ್ನೊಂದು ಹೊರೆ. ಉಪಶಮನ ಆರೈಕೆಯ ರೋಗಿಗಳಿಗೆಂದೇ 30 ಪ್ರಶ್ನೆಗಳ ಪಟ್ಟಿಯನ್ನು 2006ರಲ್ಲಿ 15ಕ್ಕೆ ಇಳಿಸಿದ್ದೂ ಇದೇ ಕಾಳಜಿಯಿಂದ. ಹೆಚ್ಚು ಬಾರಿ ಕೇಳಬೇಕಾದರೆ ಕಡಿಮೆ ಕೇಳಬೇಕು.

ಕನ್ನಡದಲ್ಲಿ ಕೇಳುವುದು ಹೇಗೆ?

ಕರ್ನಾಟಕದಲ್ಲಿ ಇದಕ್ಕೆ ನೆಲೆ ಇಲ್ಲವೆಂದಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ದಶಕಗಳಿಂದ ರಾಜ್ಯದ ಮೂಲೆಮೂಲೆಯ ಬಡ ರೋಗಿಗಳಿಗೆ ಆಸರೆಯಾಗಿದೆ, ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಬೆಂಗಳೂರಿನ ‘ಕರುಣಾಶ್ರಯ’ 1999ರಿಂದ ಗುಣಪಡಿಸಲಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಮಣಿಪಾಲ ಮತ್ತು ಬೆಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಉಪಶಮನ ವೈದ್ಯ ವಿಭಾಗಗಳು ಬೆಳೆದಿವೆ. ಆದರೆ ಕೇಳುವ ಕ್ರಿಯೆಗೆ ಇಲ್ಲಿ ನಮ್ಮದೇ ಆದ ಮೂರು ತೊಡಕುಗಳಿವೆ.

ಮೊದಲನೆಯದು ಗುಟ್ಟು. ರೋಗದ ಹೆಸರನ್ನೇ ರೋಗಿಗೆ ಹೇಳಬಾರದೆಂದು ವೈದ್ಯರನ್ನು ಕೇಳಿಕೊಳ್ಳುವ ಕುಟುಂಬಗಳು ನಮ್ಮಲ್ಲಿ ಹೇರಳ. ‘ಹುಣ್ಣಾಗಿದೆ, ವಾಸಿಯಾಗುತ್ತದೆ’ ಎಂದು ನಂಬಿಸಲಾದ ಅಜ್ಜಿಯ ಮುಂದೆ, ಮಗ ಸೊಸೆ ಸುತ್ತ ನಿಂತಿರುವಾಗ, ‘ಮುಂದೇನೋ ಎಂಬ ಭಯವಿದೆಯೇ’ ಎಂದು ಕೇಳಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ‘ಏನೂ ಇಲ್ಲಪ್ಪ, ಚೆನ್ನಾಗಿದ್ದೀನಿ’ ಎಂದು ಮಕ್ಕಳ ಮುಖ ನೋಡಿ ಹೇಳುವ ಮಾತು ಮಕ್ಕಳಿಗಾಗಿ ಹೇಳಿದ್ದು. ಯಾವಾಗ ಕೇಳಬೇಕು ಎಂಬುದರೊಂದಿಗೆ ಯಾರ ಎದುರು ಕೇಳಬೇಕು ಎಂಬುದೂ ಸೇರಿಕೊಂಡಿದೆ.

ಎರಡನೆಯದು ಮಾತು. ‘ಸಂಕಟ’ ಎಂದರೆ ಒಬ್ಬರಿಗೆ ವಾಕರಿಕೆ, ಇನ್ನೊಬ್ಬರಿಗೆ ಮನಸ್ಸಿನ ನೋವು. ‘ಸುಸ್ತು’ ಎಂಬ ಒಂದೇ ಪದದಲ್ಲಿ ದೇಹದ ನಿಶ್ಶಕ್ತಿಯೂ ಮನದ ಬೇಸರವೂ ಅಡಗಿರಬಹುದು. ‘ಖಿನ್ನತೆ’ ಎಂಬುದು ಪತ್ರಿಕೆಯ ಪದ, ಅಡುಗೆಮನೆಯ ಪದವಲ್ಲ. ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಅಂಕ ಕೊಡಿ ಎಂದರೆ ಶಾಲೆಯ ಮೆಟ್ಟಿಲು ಹತ್ತದವರು ತಬ್ಬಿಬ್ಬಾಗುತ್ತಾರೆ. ‘ರೂಪಾಯಿಗೆ ಎಷ್ಟಾಣೆ ನೋವು?’ ಎಂದರೆ ಹಿರಿಯರಿಗೆ ಥಟ್ಟನೆ ಅರ್ಥವಾದೀತು. ಕರಾವಳಿಯ, ಹೈದರಾಬಾದ್ ಕರ್ನಾಟಕವೆಂದು ಕರೆಯಲಾಗುತ್ತಿದ್ದ ಕಲ್ಯಾಣ ಕರ್ನಾಟಕದ, ಹಳೆ ಮೈಸೂರಿನ ಮಾತುಗಳನ್ನು ಬಲ್ಲವರು ಎದುರು ಕುಳಿತು ಕೇಳದ ಹೊರತು ಅಚ್ಚಾದ ಅನುವಾದ ಅರ್ಧ ಕೆಲಸವಷ್ಟೇ.

ಮೂರನೆಯದು ಔಷಧ. ನೋವೆಷ್ಟು ಎಂದು ಕೇಳಿ, ಒಂಬತ್ತು ಎಂಬ ಉತ್ತರ ಪಡೆದು, ಮಾರ್ಫಿನ್ ಮಾತ್ರೆ ಇಲ್ಲವೆನ್ನುವುದು ಕ್ರೌರ್ಯ. 1985ರ ಮಾದಕ ದ್ರವ್ಯ ನಿಯಂತ್ರಣ ಕಾಯ್ದೆಯ ಬಿಗಿಯಿಂದಾಗಿ ವೈದ್ಯಕೀಯ ಬಳಕೆಯ ಮಾರ್ಫಿನ್ ಕೂಡ ವರ್ಷಗಟ್ಟಲೆ ದುರ್ಲಭವಾಗಿತ್ತು. 2014ರ ತಿದ್ದುಪಡಿ ಪರವಾನಗಿಯ ಗೋಜಲನ್ನು ಸಡಿಲಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ದೇಶಕ್ಕೆಲ್ಲ ಏಕರೂಪದ ನಿಯಮ ತಂದಿತು. ಕಾನೂನು ಸಡಿಲವಾದಷ್ಟು ವೇಗದಲ್ಲಿ ಜಿಲ್ಲೆ, ತಾಲ್ಲೂಕು ಮಟ್ಟದ ಆಸ್ಪತ್ರೆಗಳ ಹಿಂಜರಿಕೆ ಸಡಿಲವಾಗಿಲ್ಲ.

ಮುಂದಿನ ದಾರಿ

ರಾಜ್ಯ ಸರ್ಕಾರ 2025ರ ಜನವರಿ 30ರಂದು ಮಹತ್ವದ ಆದೇಶವೊಂದನ್ನು ಹೊರಡಿಸಿತು. ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿ, 2023ರಲ್ಲಿ ಸರಳಗೊಳಿಸಿದ ತೀರ್ಪಿನಂತೆ, ಚೇತರಿಕೆಯ ಆಸೆಯಿಲ್ಲದ ರೋಗಿಗಳ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಕ್ರಮವನ್ನು ಅದು ವಿವರಿಸುತ್ತದೆ. ಎಚ್ಚರವಿರುವಾಗಲೇ ತನ್ನ ಇಚ್ಛೆಯನ್ನು ಬರೆದಿಡಲು ರೋಗಿಗೆ ಅವಕಾಶವಿದೆ. ಆದರೆ ಆ ಇಚ್ಛೆ ರೂಪುಗೊಳ್ಳುವುದು ತುರ್ತು ನಿಗಾ ಘಟಕದ ಬಾಗಿಲಲ್ಲಿ ಅಲ್ಲ. ಅದಕ್ಕೂ ತಿಂಗಳುಗಳ ಮೊದಲು, ‘ಹೇಗಿದ್ದೀರಿ, ನಿಮಗೇನು ಬೇಕು’ ಎಂದು ಯಾರಾದರೂ ಕೇಳಿದ್ದರೆ ಮಾತ್ರ. ಕೇಳುವ ಹೊತ್ತು ಮೀರಿದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಒಂದೇ ಒಂದು ‘ಸರಿಯಾದ ದಿನ’ ಇಲ್ಲವೆಂಬುದೇ ಮೇಲಿನ ಅಧ್ಯಯನಗಳೆಲ್ಲದರ ಒಟ್ಟು ತಾತ್ಪರ್ಯ. ಆದರೆ ತಪ್ಪಿಸಬಾರದ ಹೊತ್ತುಗಳಿವೆ. ಚಿಕಿತ್ಸೆ ಆರಂಭಿಸುವ ಮೊದಲು ಒಮ್ಮೆ ಕೇಳಬೇಕು, ಇಲ್ಲದಿದ್ದರೆ ಮುಂದಿನ ಯಾವ ಹೋಲಿಕೆಗೂ ಬುಡವಿಲ್ಲ. ಔಷಧದ ಮೊದಲ ವಾರದಲ್ಲಿ, ರೋಗಿ ಮನೆಯಲ್ಲಿರುವಾಗ, ಫೋನ್ ಮೂಲಕವಾದರೂ ಒಮ್ಮೆ ಕೇಳಬೇಕು. ಚಿಕಿತ್ಸೆ ಬದಲಿಸುವ ಅಥವಾ ಇನ್ನೊಂದು ಸುತ್ತು ನಿರ್ಧರಿಸುವ ಮೊದಲು, ಸ್ಕ್ಯಾನ್ ವರದಿಯ ಮುನ್ನ ಕೇಳಬೇಕು. ಚಿಕಿತ್ಸೆ ನಿಲ್ಲಿಸಿ ಊರಿಗೆ ಮರಳಿದ ಮೇಲೆ, ಅಂದರೆ ಸಾಮಾನ್ಯವಾಗಿ ಯಾರೂ ಕೇಳದಿರುವ ಹೊತ್ತಿನಲ್ಲಿ, ವಾರಕ್ಕೊಮ್ಮೆ ಕೇಳಬೇಕು. ಕಂಪ್ಯೂಟರ್ ಇಲ್ಲದ ಮನೆಯಲ್ಲೂ ಈಗ ಮೊಬೈಲ್ ಫೋನ್ ಇದೆ. ಪ್ರತಿ ಹಳ್ಳಿಯಲ್ಲೂ ಆಶಾ ಕಾರ್ಯಕರ್ತೆ ಇದ್ದಾಳೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆಗಳ ಪಟ್ಟಿಯಲ್ಲಿ ಉಪಶಮನ ಆರೈಕೆಯೂ ಸೇರಿದೆ. ನಾಲ್ಕೈದು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ವೈದ್ಯರಿಗೆ ತಲುಪಿಸಿ, ಎರಡು ದಿನದೊಳಗೆ ಪರಿಹಾರ ಸಿಗುವ ಏರ್ಪಾಡಿಗೆ ಬೇಕಾದದ್ದು ದುಬಾರಿ ಯಂತ್ರಗಳಲ್ಲ. ತರಬೇತಿ, ಸಂಭಾವನೆ ಮತ್ತು ಒಂದು ಸ್ಪಷ್ಟ ಜವಾಬ್ದಾರಿ ಸಾಕು.

ಆರೋಗ್ಯ ಇಲಾಖೆ ಇಂಥ ಏರ್ಪಾಡನ್ನು ಒಂದೆರಡು ಜಿಲ್ಲೆಗಳಲ್ಲಾದರೂ ಆರಂಭಿಸಿ ನೋಡಬೇಕು. ಫಲಿತಾಂಶವನ್ನು ಯಾವ ದಿನ ಅಳೆಯಲಾಗುವುದೆಂದು ಮೊದಲೇ ಪ್ರಕಟಿಸಬೇಕು. ಉತ್ತರಿಸದೆ ಹೋದವರ ಸಂಖ್ಯೆಯನ್ನೂ ಉತ್ತರಿಸಿದವರ ಸಂಖ್ಯೆಯ ಪಕ್ಕದಲ್ಲೇ ಬರೆಯಬೇಕು. ಆರು ತಿಂಗಳ ಆಯುಷ್ಯ ಉಳಿದವರಿಗೆ ಮುಂದಿನ ತ್ರೈಮಾಸಿಕ ಸಭೆಯ ತೀರ್ಮಾನಕ್ಕೆ ಕಾಯುವಷ್ಟು ಸಮಯವಿಲ್ಲ.